ಹ್ಯಾಂಡ್‌ಬ್ರೇಕ್ ಕೆಟ್ಟಿಲ್ಲ, ತಮ್ಮಾ

ಕಲಬುರಗಿ
ಮಂಗಳವಾರ ರಾತ್ರಿ

ಪ್ರೀತಿಯ ತಮ್ಮಾ,

ನಿನಗೆ ನಿನ್ನ ಕಾಕಾನ ಆಶೀರ್ವಾದ. ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಬಿಸಿಲು ಮಾತ್ರ ಕೇಳಬೇಡ.

ನೀನು ವಾಟ್ಸಾಪಿನಲ್ಲಿ ಕಳಿಸಿದ ಉದ್ದನೆಯ ಪತ್ರವನ್ನು ಮೂರು ಸಲ ಓದಿದೆ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವುದು, ದೊಡ್ಡ ಟೈರು, ಪವರ್ ಸ್ಟೀರಿಂಗ್, ಹೊಸ ಲೈಟು, ಎಲ್ಲವನ್ನೂ ಎಷ್ಟು ಆಸೆಯಿಂದ ಬರೆದಿದ್ದೀಯ. ಓದುತ್ತಾ ಖುಷಿಯಾಯಿತು. ಕೊನೆಗೆ, ಹೋಗುವಾಗ ಬಾಗಿಲಲ್ಲಿ ನಿಂತು ಹೇಳುವ ಮಾತಿನ ಹಾಗೆ, ಒಂದು ನಾಲ್ಕು ಸಾಲು ಬರೆದಿದ್ದೀಯಲ್ಲ. "ಹಿಂದಿನ ಎಡಗಾಲಿ ಎತ್ತಿದ್ದೆ ಕಾಕಾ. ಹ್ಯಾಂಡ್‌ಬ್ರೇಕ್ ಎಳೆದಿದ್ದೆ, ಗೇರಿನಲ್ಲೂ ಇಟ್ಟಿದ್ದೆ. ಆದರೂ ಜೀಪು ನಾಲ್ಕು ಬೆರಳು ಮುಂದೆ ಸರಿಯಿತು. ಸ್ವಲ್ಪ ಹೆದರಿಕೆ ಆಯಿತು. ಹೊಸ ಬ್ರೇಕ್ ಲೈನರ್ ಹಾಕಿದರೆ ಸರಿ ಹೋಗುತ್ತದೆ ಅಲ್ವಾ?"

ಅದನ್ನು ಓದಿದ ಮೇಲೆ ಕೈಯಲ್ಲಿದ್ದ ಚಹಾ ಹಾಗೇ ಆರಿತು.

ಫೋನ್ ಮಾಡಿದೆ. ನೀನು ಹೂಂ ಹೂಂ ಅಂದೆ, ಹಿಂದೆ ಗ್ರೈಂಡರ್ ಸದ್ದು ಬರುತ್ತಿತ್ತು. ನಾನೂ ಏನೋ ಮಾತಾಡಿ ಇಟ್ಟುಬಿಟ್ಟೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಕಾಗದವಾದರೆ ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಎರಡು ಸಲ ಓದುತ್ತೀ.

ನಿನ್ನ ಹ್ಯಾಂಡ್‌ಬ್ರೇಕ್ ಕೆಟ್ಟಿಲ್ಲ. ಅದು ಸರಿಯಾಗಿಯೇ ಇದೆ. ನನಗೆ ಹೆದರಿಕೆ ಇರುವುದೂ ಅದಕ್ಕೇ. ಕೆಟ್ಟಿದ್ದರೆ ರಿಪೇರಿ ಮಾಡಬಹುದಿತ್ತು.

ನೀನು ಕಾರು ಓಡಿಸಿದವನು. ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದರೆ ಹಿಂದಿನ ಎರಡೂ ಗಾಲಿಯನ್ನು ಬೇರೆ ಬೇರೆಯಾಗಿ ಹಿಡಿಯುತ್ತದೆ. ಒಂದು ಎತ್ತಿದರೂ ಇನ್ನೊಂದು ನೆಲ ಹಿಡಿದು ನಿಲ್ಲುತ್ತದೆ. ಈ ಹಳೆ ಜೀಪಿನಲ್ಲಿ ಹಾಗಿಲ್ಲ. ಕೆಳಗೆ ಬಗ್ಗಿ ನೋಡು, ಬಗ್ಗಿ ಅಷ್ಟೇ, ಒಳಗೆ ಹೋಗಬೇಡ. ಟ್ರಾನ್ಸ್‌ಫರ್ ಕೇಸ್, ಅಂದರೆ ಮುಂದಿನ ಹಿಂದಿನ ಗಾಲಿಗಳಿಗೆ ಬಲ ಹಂಚುವ ಗೇರಿನ ಪೆಟ್ಟಿಗೆ, ಅದರ ಹಿಂದೆ, ಹಿಂದಿನ ಗಾಲಿಗಳಿಗೆ ಹೋಗುವ ಶಾಫ್ಟ್ ಶುರುವಾಗುವ ಕಡೆ, ಒಂದು ಸಣ್ಣ ಡ್ರಮ್ ಇದೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಅದನ್ನು. ಶಾಫ್ಟ್ ನಿಲ್ಲುತ್ತದೆ. ಆದರೆ ಶಾಫ್ಟಿಗೂ ಗಾಲಿಗೂ ನಡುವೆ ಡಿಫರೆನ್ಶಿಯಲ್, ಅಂದರೆ ಎರಡೂ ಗಾಲಿ ಬೇರೆ ಬೇರೆ ತಿರುಗಲು ಬಿಡುವ ಗೇರುಗಳ ಜೋಡಣೆ, ಕೂತಿದೆಯಲ್ಲ, ಅದು ಯಾರ ಮಾತೂ ಕೇಳುವುದಿಲ್ಲ. ಎಡಗಾಲಿ ಗಾಳಿಯಲ್ಲಿ ಹಿಂದಕ್ಕೆ ತಿರುಗುತ್ತದೆ, ಬಲಗಾಲಿ ನೆಲದ ಮೇಲೆ ಮುಂದಕ್ಕೆ ಉರುಳುತ್ತದೆ. ಶಾಫ್ಟ್ ಮಾತ್ರ ಕದಲದೆ ನಿಂತಿರುತ್ತದೆ. ಗೇರಿನಲ್ಲಿ ಇಟ್ಟರೂ ಇದೇ ಕತೆ. ಗೇರು ಹಿಡಿಯುವುದೂ ಅದೇ ಶಾಫ್ಟನ್ನೇ ತಾನೇ?

ನಮ್ಮ ಶೆಡ್ಡಿನ ನೆಲವಂತೂ ಬಾಗಿಲ ಕಡೆಗೆ ಇಳಿಜಾರು. ಮಳೆ ನೀರು ಹರಿದು ಹೋಗಲಿ ಅಂತ ಮುತ್ಯಾ ಹಾಗೆ ಹಾಸಿಸಿದ್ದರು. ನೋಡಿದರೆ ಗೊತ್ತಾಗುವುದಿಲ್ಲ. ಒಂದು ಲಿಂಬೆಹಣ್ಣು ಇಟ್ಟು ನೋಡು, ಗೊತ್ತಾಗುತ್ತದೆ.

ನಾಲ್ಕು ಬೆರಳು ಅಂದೆ. ಜೀಪು ಸರಿದಾಗ ನೀನು ಎಲ್ಲಿದ್ದೆ ಅಂತ ಬರೆದಿಲ್ಲ. ಪಕ್ಕದಲ್ಲಿ ನಿಂತಿದ್ದೆಯೋ, ಕೆಳಗೆ ಮಲಗಿದ್ದೆಯೋ? ಮೂರೂ ಸಲ ಓದುವಾಗ ಅದನ್ನೇ ಹುಡುಕಿದೆ.

ಅಣ್ಣ ಆ ಜೀಪನ್ನು ಅಷ್ಟು ವರ್ಷ ಯಾಕೆ ನಿಲ್ಲಿಸಿಬಿಟ್ಟ ಅನ್ನೋದನ್ನು ಮತ್ತೆ ಕೆದಕುವುದಿಲ್ಲ. ಅದು ನಿನಗೂ ಗೊತ್ತು. ನಿನಗೆ ಗೊತ್ತಿಲ್ಲದ್ದು ನನ್ನ ಸಂಗತಿ. ನಿನ್ನ ಕಾಕುಗೂ ಪೂರ್ತಿ ಹೇಳಿಲ್ಲ.

1984ರಲ್ಲಿ ನಾನು ಶಹಾಬಾದ್ ಕಡೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಒಂದು ಗಣಿಯಲ್ಲಿ ಡ್ರೈವರ್ ಆಗಿದ್ದೆ. ಹೆಸರಿಗೆ ಡ್ರೈವರ್, ಮಿಸ್ತ್ರಿ ಕೆಲಸವೂ ನನ್ನದೇ. ಮಾಲಕರದ್ದು ಇಂಥದ್ದೇ ಎತ್ತರ ಬಾನೆಟ್ಟಿನ ಪೆಟ್ರೋಲ್ ಜೀಪು. ನನ್ನ ಕೈಕೆಳಗೆ ಒಬ್ಬ ಹುಡುಗ ಇದ್ದ. ಹದಿನೈದೋ ಹದಿನಾರೋ ವರ್ಷ. ಪಾನಾ ಕೊಡುವುದು, ಡೀಸೆಲ್ಲಿನಲ್ಲಿ ಸಾಮಾನು ತೊಳೆಯುವುದು, ಮಧ್ಯಾಹ್ನ ನನ್ನ ಬುತ್ತಿ ಬಿಚ್ಚಿ ಶೇಂಗಾ ಹಿಂಡಿ ಕದಿಯುವುದು. ಅವನ ಹೆಸರು ಬರೆಯಲು ಕೈ ಬರುತ್ತಿಲ್ಲ, ಬಿಡು.

ಒಂದು ದಿನ ಹಿಂದಿನ ಎಡಗಾಲಿ ಬಿಚ್ಚಬೇಕಿತ್ತು. ಹೌದು, ಅದೇ ಗಾಲಿ. ಹ್ಯಾಂಡ್‌ಬ್ರೇಕ್ ಎಳೆದೆ. ಜಾಕಿನ ಕೆಳಗೆ ಒಂದು ಫರ್ಸಿ ತುಂಡು ಕೊಟ್ಟೆ. ಕಲ್ಲಿನ ಗಣಿ ಅಲ್ವಾ, ಎಲ್ಲಿ ನೋಡಿದರೂ ಅದೇ ಬಿದ್ದಿರುತ್ತಿತ್ತು. ಗಾಲಿಗಳಿಗೆ ಅಡ್ಡ ಏನೂ ಕೊಡಲಿಲ್ಲ. ನಟ್ಟು ಬಿಗಿಯಾಗಿದ್ದವು. ಪಾನಾಕ್ಕೆ ಪೈಪು ಸಿಗಿಸಿ ಜಗ್ಗಿದೆ. ಜೀಪು ಒಮ್ಮೆ ಅಲುಗಾಡಿತು, ಆಮೇಲೆ ಮೆಲ್ಲಗೆ ಮುಂದೆ ಸರಿಯಿತು. ಜೋರಾಗಿ ಅಲ್ಲ. ಎಮ್ಮೆ ಗ್ವಾದಲಿಯಿಂದ ಹೆಜ್ಜೆ ಕಿತ್ತ ಹಾಗೆ. ಫರ್ಸಿ ಎರಡು ಪದರವಾಗಿ ಸೀಳಿತು, ಜಾಕು ಅಡ್ಡ ಬಿತ್ತು. ಹುಡುಗ ಕೆಳಗೆ ಬಿದ್ದ ಸಾಮಾನು ತೆಗೆಯಲು ಕೈ ಚಾಚಿದ್ದ.

ಬಲಗೈಯ ಎರಡು ಬೆರಳು ಹೋದವು.

ಸಂಜೆ ಮಾಲಕರು ಕರೆದು ಕೇಳಿದರು, ಏನಾಯಿತು ಅಂತ. ನಾನು ಹೇಳಿದೆ, "ಗಾಲಿಗೆ ಕಲ್ಲು ಕೊಡು ಅಂತ ಹುಡುಗನಿಗೆ ಹೇಳಿದ್ದೆ, ಅವನು ಕೊಡಲಿಲ್ಲ." ಹೇಳಿರಲಿಲ್ಲ ತಮ್ಮಾ. ನನಗೇ ಗೊತ್ತಿರಲಿಲ್ಲ, ಅವನಿಗೇನು ಹೇಳುವುದು? ಅವನ ಅಪ್ಪನ ಕೈಗೆ ಒಂದಿಷ್ಟು ರೊಕ್ಕ ಕೊಟ್ಟು ಕಳಿಸಿದರು. ನಾನು ಮತ್ತೆ ಮೂರು ವರ್ಷ ಅಲ್ಲೇ ದುಡಿದೆ.

ಜೀಪಿನ ಈ ಗುಟ್ಟು ನನಗೆ ತಿಳಿದದ್ದು ಆಮೇಲೆ. ಮಿಲಿಟರಿಯಿಂದ ಬಂದಿದ್ದ ಒಬ್ಬರು ವಯಸ್ಸಾದ ಮಿಸ್ತ್ರಿ ಹೇಳಿದರು. ಹಿಂದಿನ ಎರಡೂ ಗಾಲಿ ಎತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು, "ಈಗ ಒಂದು ಗಾಲಿ ತಿರುಗಿಸು" ಅಂದರು. ಒಂದೇ ಕೈಯಿಂದ ತಿರುಗಿಸಿದೆ. ಆಚೆ ಬದಿಯ ಗಾಲಿ ಉಲ್ಟಾ ತಿರುಗಿತು, ಸದ್ದಿಲ್ಲದೆ. ಅವರು ನಕ್ಕರು. ನಾನು ಗಾಲಿಯ ಮೇಲೆ ಕೈ ಇಟ್ಟುಕೊಂಡು ಎಷ್ಟೋ ಹೊತ್ತು ಹಾಗೇ ನಿಂತಿದ್ದೆ.

ನೋಡು, ಎಲ್ಲಿಂದ ಎಲ್ಲಿಗೋ ಬಂದೆ. ನೀನು ಕೇಳಿದ್ದಕ್ಕೂ ಸ್ವಲ್ಪ ಹೇಳುತ್ತೇನೆ. ನನ್ನ ಕಾಲದ ಬುದ್ಧಿ ಇದು, ಬೇಕಾದ್ದು ಇಟ್ಟುಕೋ.

ಎಡಬದಿಯ ನಟ್ಟು ಬಿಚ್ಚಲು ಬರುತ್ತಿಲ್ಲ, ತುಕ್ಕು ಹಿಡಿದಿದೆ ಅಂತ ಬರೆದಿದ್ದೀ. ತುಕ್ಕು ಇರಬಹುದು. ಅದಕ್ಕಿಂತ ಮೊದಲು ಬೋಲ್ಟಿನ ತುದಿಯಲ್ಲಿ 'ಎಲ್' ಅಂತ ಅಕ್ಷರ ಇದೆಯಾ ನೋಡು. ಹಳೆ ಜೀಪುಗಳಲ್ಲಿ ಎಡಗಾಲಿಗಳ ನಟ್ಟು ಉಲ್ಟಾ ಥ್ರೆಡ್ಡಿನವು. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಎಡಕ್ಕೆ ಪೈಪು ಹಾಕಿ ಜಗ್ಗಿದಷ್ಟೂ ಬಿಗಿಯುತ್ತವೆ, ಜಾಕಿನ ಮೇಲಿರುವ ಜೀಪು ಅಲುಗಾಡುತ್ತದೆ. ಆ ದಿನ ನಾನು ಜಗ್ಗಿದ್ದೂ ಎಡಕ್ಕೇ ಇರಬೇಕು ಅಂತ ಈಗ ಅನಿಸುತ್ತದೆ. ಯಾವ ಗಾಲಿಯಾದರೂ ಸರಿ, ನೆಲದ ಮೇಲೆ ಇರುವಾಗಲೇ ನಟ್ಟು ಸಡಿಲು ಮಾಡಿಕೋ. ಆಮೇಲೆ ಎತ್ತು.

ಇಂಜಿನ್ ತೆಗೆದು ಡೀಸೆಲ್ ಹಾಕುವ ಯೋಚನೆ ಬಿಟ್ಟರೆ ನನಗೆ ಸಂತೋಷ. 1953ರಲ್ಲಿ ವಿಲ್ಲಿಸ್ ಕಂಪನಿಯವರು ಈ ಮಾದರಿ ತಂದಾಗ ಬಾನೆಟ್ ಎತ್ತರ ಮಾಡಿದ್ದೇ ಈ ಇಂಜಿನ್ ಕೂರಿಸಲು. ಪೆಟ್ರೋಲ್ ಕುಡಿಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಇಂಜಿನ್ ಬದಲಾದರೆ ಆರ್‌ಸಿ ಬುಕ್ಕಿನಲ್ಲಿ ನಂಬರ್ ಬದಲಾಗಬೇಕು, ಇಂಧನ ಬದಲಾಗಬೇಕು, ಆರ್‌ಟಿಓ ಆಫೀಸಿಗೆ ತಿರುಗಬೇಕು. ನಿನಗೆ ಅಷ್ಟು ತಾಳ್ಮೆ ಇಲ್ಲ. ನನಗಂತೂ ಮೊದಲೇ ಇರಲಿಲ್ಲ.

ಆಲ್ಟರ್ನೇಟರ್ ಹಾಕು, ಒಳ್ಳೆಯದು. ಡೈನಮೋ ಇದ್ದಾಗ ಇಂಜಿನ್ ನಿಧಾನ ಆದರೆ ಲೈಟು ದೀಪದ ಕುಡಿಯ ಹಾಗೆ ಸಣ್ಣಗಾಗುತ್ತಿತ್ತು. ದೊಡ್ಡ ಟೈರಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ಗಾಲಿ ದೊಡ್ಡದಾದಷ್ಟೂ ಅದನ್ನು ನಿಲ್ಲಿಸಲು ಬ್ರೇಕಿಗೆ ಜಾಸ್ತಿ ಬಲ ಬೇಕು. ಈ ಜೀಪಿನಲ್ಲಿ ನಾಲ್ಕೂ ಗಾಲಿಗೆ ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ, ಲೈನೂ ಒಂದೇ. ಎಲ್ಲೋ ಒಂದು ಹೋಸ್ ಸೀಳಿದರೆ ನಾಲ್ಕೂ ಗಾಲಿಯ ಬ್ರೇಕು ಒಟ್ಟಿಗೆ ಹೋಗುತ್ತದೆ. ರೊಕ್ಕ ಇದ್ದರೆ ಮೊದಲು ಎರಡು ಲೈನಿನ ಮಾಸ್ಟರ್ ಸಿಲಿಂಡರ್ ಹಾಕಿಸು. ಹೋಸ್‌ಗಳನ್ನೂ ಹೊಸದು ಮಾಡಿಸು. ಲೈಟು, ಸೀಟು ಎಲ್ಲಾ ಆಮೇಲೆ. ಬ್ರೇಕ್ ಆಯಿಲ್ ಹೊಸ ಡಬ್ಬಿಯದೇ ಇರಲಿ. ಶೆಡ್ಡಿನ ಗೂಡಿನಲ್ಲಿ ಅಣ್ಣ ಬಿಟ್ಟು ಹೋದ ಡಬ್ಬಿ ಮುಟ್ಟಬೇಡ, ಮುಚ್ಚಳ ತೆಗೆದ ಆಯಿಲ್ ಗಾಳಿಯ ನೀರು ಕುಡಿದಿರುತ್ತದೆ.

ಮಳಖೇಡದ ಹತ್ತಿರ ಕಾಗಿಣಾ ಹೊಳೆಗೆ ಇಳಿಸುತ್ತೇನೆ, ಚಿಂಚೋಳಿ ಕಡೆ ಹೋಗುತ್ತೇನೆ ಅಂತೆಲ್ಲಾ ಬರೆದಿದ್ದೀ. ಹೋಗು. ನೀರು ದಾಟಿದ ಮೇಲೆ ಬ್ರೇಕ್ ಹಿಡಿಯುವುದಿಲ್ಲ, ಡ್ರಮ್ಮಿನೊಳಗೆ ನೀರು ಇರುತ್ತದೆ. ನಿಧಾನಕ್ಕೆ ಓಡಿಸುತ್ತಾ ಪೆಡಲ್ ಮೇಲೆ ಕಾಲು ಇಟ್ಟು ಒಣಗಿಸಿಕೋ.

ಆದರೆ ಇದೆಲ್ಲಾ ಜೀಪು ಓಡುವಾಗಿನ ಮಾತು. ನನ್ನ ಜೀವ ಇರುವುದು ನಿಂತ ಜೀಪಿನ ಹತ್ತಿರ. ಹಗಲು ಬಿಸಿಲು ಅಂತ ನೀನು ರಾತ್ರಿ ಕೆಲಸ ಮಾಡುತ್ತೀ. ವೈನಿ, ನಿನ್ನ ಅವ್ವ, ಒಳಗೆ ಮಲಗಿರುತ್ತಾರೆ. ಫ್ಯಾನಿನ ಸದ್ದಿನಲ್ಲಿ ನೀನು ಕೂಗಿದರೂ ಅವರಿಗೆ ಕೇಳಿಸುವುದಿಲ್ಲ. ಆ ಜೀಪು ಹತ್ತಿರ ಹತ್ತಿರ ಒಂದು ಟನ್ ಇದೆ.

ಜಾಕಿನ ಕೆಳಗೆ ಫರ್ಸಿ ಕೊಡಬೇಡ. ನಮ್ಮ ಕಡೆಯ ಕಲ್ಲು ಹಾಸಲು ಚಂದ, ಛಾವಣಿಗೆ ಚಂದ. ಪದರ ಪದರವಾಗಿ ಏಳುವ ಕಲ್ಲು ಅದು. ಒಂದೇ ಕಡೆ ಭಾರ ಬಿದ್ದರೆ ಹೇಳದೆ ಕೇಳದೆ ಸೀಳುತ್ತದೆ. ಶೆಡ್ಡಿನ ನೆಲದ ಫರ್ಸಿಯ ಕೆಳಗೂ ಅಲ್ಲಲ್ಲಿ ಟೊಳ್ಳು ಇದೆ, ಪಾನಾದಿಂದ ಬಡಿದು ನೋಡು, ಸದ್ದು ಬೇರೆ ಬರುತ್ತದೆ. ದಪ್ಪ ಕಟ್ಟಿಗೆ ಹಲಗೆ ಹಾಕಿ ಅದರ ಮೇಲೆ ಜಾಕ್ ಇಡು. ನೆಲದ ಮೇಲಿರುವ ಗಾಲಿಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡ ಕೊಡು. ಫೋರ್‌ವ್ಹೀಲಿನ ಲಿವರ್ ಹಾಕಿದರೆ ಮುಂದಿನ ಗಾಲಿಗಳೂ ಶಾಫ್ಟಿಗೆ ಸೇರಿ ಹಿಡಿಯುತ್ತವೆ ನಿಜ. ಆದರೆ ಯಾರಾದರೂ ಮುಂದಿನ ಗಾಲಿಗೆ, ಬೇಕಾದಾಗ ಶಾಫ್ಟಿನಿಂದ ಬಿಡಿಸುವ ಫ್ರೀ ಹಬ್ ಹಾಕಿಸಿ ಅದು ಬಿಟ್ಟಿದ್ದರೆ ಅದೂ ಇಲ್ಲ. ಹಾಗಾಗಿ ಲಿವರ್ ನಂಬಿ ಕೆಳಗೆ ಹೋಗಬೇಡ. ಬಿಚ್ಚಿದ ಗಾಲಿಯನ್ನು ಗೋಡೆಗೆ ಒರಗಿಸಬೇಡ, ಚಾಸಿಯ ಕೆಳಗೆ ಅಡ್ಡ ಮಲಗಿಸು. ಜೀಪು ಬಿದ್ದರೆ ಅದರ ಮೇಲೆ ಬೀಳಲಿ.

ಇಷ್ಟು ಹೇಳುವಷ್ಟರಲ್ಲಿ ನನಗೇ ನಾಚಿಕೆ. ನೀನು ಇಂಜಿನಿಯರಿಂಗ್ ಓದಿದವನು. ಡಿಫರೆನ್ಶಿಯಲ್ ನಿನಗೆ ಪುಸ್ತಕದಲ್ಲೇ ಬಂದಿರಬೇಕು. ಆದರೂ ಹ್ಯಾಂಡ್‌ಬ್ರೇಕ್ ಕೆಟ್ಟಿದೆ ಅಂದುಕೊಂಡೆಯಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಹುಡುಗನ ಬೆರಳು ಹೋದ ಮರುದಿನ ಮೊದಲು ಮಾಡಿದ ಕೆಲಸ ಹ್ಯಾಂಡ್‌ಬ್ರೇಕಿಗೆ ಹೊಸ ಲೈನರ್ ಹಾಕಿದ್ದು. ನೀನು ಬರೆದದ್ದು ಓದಿದಾಗ ನನಗೆ ಮೊದಲು ಕಣ್ಣಿಗೆ ಬಂದದ್ದು ಅದೇ.

ಅವನನ್ನು ಮತ್ತೊಮ್ಮೆ ನೋಡಿದೆ. ಶರಣಬಸವೇಶ್ವರ ಜಾತ್ರೆಯಲ್ಲಿ, ಇಪ್ಪತ್ತು ವರ್ಷದ ಮೇಲೆ. ಬೆಂಡು ಬತ್ತಾಸಿನ ಅಂಗಡಿ ಹಾಕಿದ್ದ. ಎಡಗೈಯಲ್ಲಿ ತಕ್ಕಡಿ ಹಿಡಿದು ತೂಗುತ್ತಿದ್ದ. ಕಾಲು ಕೆಜಿ ಕೊಂಡೆ. ನನ್ನ ಗುರುತು ಹಿಡಿದನೋ ಇಲ್ಲವೋ, ಮುಖ ನೋಡಿ ಏನೂ ಅನ್ನಲಿಲ್ಲ. ಚಿಲ್ಲರೆಯನ್ನು ಆ ಮೂರು ಬೆರಳಿನ ಕೈಯಲ್ಲಿ ಕೊಟ್ಟ. ಹೇಳಬೇಕು ಅಂತ ಬಾಯಿ ತೆರೆದೆ. ಹಿಂದೆ ಜನ ನೂಕುತ್ತಿದ್ದರು. ಜನರ ಮೇಲೆ ಹಾಕಿ ಮುಂದೆ ಬಂದುಬಿಟ್ಟೆ. ಮುಂದಿನ ವರ್ಷ ಹೋದಾಗ ಆ ಜಾಗದಲ್ಲಿ ಬಳೆ ಅಂಗಡಿ ಇತ್ತು.

ವೈನಿಗೆ ಇದನ್ನೆಲ್ಲಾ ಓದಿ ಹೇಳಬೇಡ. ಅವರಿಗೆ ಈಗಲೇ ಆ ಶೆಡ್ಡಿನ ಕಡೆ ನೋಡಿದರೆ ಆಗುವುದಿಲ್ಲ.

ಇಲ್ಲಿ ಕಟ್ಟಿಗೆ ಅಡ್ಡೆಯಲ್ಲಿ ಜಾಲಿಯ ನಾಲ್ಕು ತುಂಡು ಕೊಯ್ಸಿ ಇಟ್ಟಿದ್ದೇನೆ, ಒಂದು ಕಡೆ ಇಳಿಜಾರಾಗಿ, ಗಾಲಿಗೆ ಸರಿಯಾಗಿ ಕೂರುವ ಹಾಗೆ. ಎರಡು ಕಬ್ಬಿಣದ ಸ್ಟ್ಯಾಂಡೂ ಕೊಂಡಿದ್ದೇನೆ. ಎಷ್ಟಾಯಿತು ಅಂತ ಕೇಳಬೇಡ. ಭಾನುವಾರ ಮುಂಜಾನೆ ಮೊದಲ ಬಸ್ಸಿಗೆ ಸೇಡಂಗೆ ಬರುತ್ತೇನೆ. ಚೀಲ ಭಾರ ಇರುತ್ತದೆ, ಬಸ್ ಸ್ಟ್ಯಾಂಡಿಗೆ ಬಾ. ಜೀಪು ತರಬೇಡ, ಬೈಕ್ ಸಾಕು.

ಅಲ್ಲಿಯವರೆಗೆ ಅದು ನಾಲ್ಕೂ ಗಾಲಿ ನೆಲಕ್ಕೆ ಊರಿಕೊಂಡು ನಿಂತಿರಲಿ. ಎಡಗಾಲಿ ಈಗಲೇ ಎತ್ತಿಟ್ಟಿದ್ದರೆ, ಈ ಕಾಗದ ಮಡಚಿಟ್ಟು ಮೊದಲು ಹೋಗಿ ಇಳಿಸು.

ನಿನ್ನ ಕಾಕಾ