ಅಡುಗೆ ಕೈಪಿಡಿ ಮುಗಿಯಿತು: ಉಪಕಾರ ನೆನೆಯಬೇಕಾದವರು

ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಎಂಬ, ಕರುಳಿನಲ್ಲಿ ದೀರ್ಘಕಾಲ ಉರಿಯೂತ ಉಂಟುಮಾಡುವ ಕಾಯಿಲೆ ಇರುವವರಿಗಾಗಿ ಸಿದ್ಧಪಡಿಸುತ್ತಿದ್ದ ಮಲೆನಾಡು ಅಡುಗೆ ಕೈಪಿಡಿ ಅಂತೂ ಅಚ್ಚಿಗೆ ಹೋಗಿದೆ. ಪಥ್ಯದ ಲೆಕ್ಕಾಚಾರ ನಮ್ಮದು. ಅದು ಬಾಯಿಗೆ ಹಿಡಿಸುವಂತಾದದ್ದು ತೀರ್ಥಹಳ್ಳಿ, ಹೊಸನಗರ, ಸಾಗರದ ಅಡುಗೆಮನೆಗಳಿಂದ. ಯಾವ ಹಂತದಲ್ಲಿ ಕೈ ಬದಲಿಸಿದರೆ ಅಡುಗೆ ಕೆಡದೆ ಕರುಳಿಗೂ ಒಗ್ಗುತ್ತದೆ ಎಂದು ತೋರಿಸಿದವರು ಅಲ್ಲಿಯ ಹೆಂಗಸರು.

ಮೊದಲ ಋಣ ಕಡುಬು ಮಾಡಿಕೊಟ್ಟವರದು. ಇಸ್ರೇಲಿನಲ್ಲಿ ರೂಪುಗೊಂಡ ಕ್ರೋನ್ಸ್ ಡಿಸೀಸ್ ಎಕ್ಸ್‌ಕ್ಲೂಷನ್ ಡಯೆಟ್‌ನಲ್ಲಿ (ಕೆಲವು ಆಹಾರಗಳನ್ನು ಪೂರ್ತಿ ಬಿಡಿಸುವ ಕ್ರೋನ್ಸ್ ಪಥ್ಯ) ಮೊದಲ 6 ವಾರ ಅರ್ಧದಷ್ಟು ಕ್ಯಾಲೊರಿ ಕುಡಿಯುವ ಫಾರ್ಮುಲಾದಿಂದಲೇ, ಅಂದರೆ ಸಿದ್ಧ ಪೋಷಕ ಪೇಯದಿಂದಲೇ ಬರಬೇಕು. ಜೊತೆಗೆ ದಿನಕ್ಕೆ 150ರಿಂದ 200 ಗ್ರಾಂ ಕೋಳಿ ಎದೆಮಾಂಸ, 2 ಮೊಟ್ಟೆ, ಬೇಯಿಸಿ ಆರಿಸಿದ 2 ಆಲೂಗಡ್ಡೆ, 2 ಬಾಳೆಹಣ್ಣು, 1 ಸೇಬು ಕಡ್ಡಾಯ. ಹಾಲು, ಮೊಸರು, ಗೋಧಿ, ಪ್ಯಾಕೆಟ್ ತಿಂಡಿ ನಿಷಿದ್ಧ. ಬಿಳಿ ಅಕ್ಕಿಗೆ ಅಡ್ಡಿಯಿಲ್ಲ, ಮಲೆನಾಡಿಗೆ ಅಷ್ಟು ಸಾಕು. ಒಂದು ಲೋಟ ಅಕ್ಕಿತರಿಗೆ ಎರಡು ಲೋಟ ನೀರು, ಉಪ್ಪು ಹಾಕಿ ಗಟ್ಟಿಯಾಗುವವರೆಗೆ ಕೆದಕಿ, ಒದ್ದೆ ಕೈಯಲ್ಲಿ ಉಂಡೆ ಕಟ್ಟಿ 20 ನಿಮಿಷ ಹಬೆಯಲ್ಲಿ ಬೇಯಿಸುವುದು. ನಡುವೆ ತರಿ ಗಟ್ಟಿಯಾಗಿ ಉಳಿದರೆ ನೀರು ಕಡಿಮೆಯಾಗಿದೆ ಎಂದರ್ಥ. ಕೋಳಿ ಸಾರಿಗೆ ಕಾಯಿ ರುಬ್ಬದೆ, ಆ ಎರಡು ಆಲೂಗಡ್ಡೆಯಲ್ಲಿ ಒಂದನ್ನು ಹಿಸುಕಿ ಮಂದ ಮಾಡುವ ಉಪಾಯ ತೀರ್ಥಹಳ್ಳಿ ಕಡೆಯ ಅತ್ತಿಗೆಯೊಬ್ಬರದು. ಮಸಾಲೆ ಮನೆಯಲ್ಲೇ ಕುಟ್ಟಿದ ಕೊತ್ತಂಬರಿ, ಮೆಣಸು, ಅರಿಶಿನ, ಬೆಳ್ಳುಳ್ಳಿ. ಪ್ಯಾಕೆಟ್ ಚಿಕನ್ ಮಸಾಲೆ ಬೇಡವೇ ಬೇಡ.

ಸಸ್ಯಾಹಾರಿ ಮನೆಗಳಲ್ಲಿ ಈ ಪಥ್ಯ ಹೀಗೇ ನಡೆಯದು. ನಡೆಯುತ್ತದೆಂದು ಬರೆದಿದ್ದರೆ ಓದುಗರಿಗೆ ಮೋಸವಾಗುತ್ತಿತ್ತು. ಕಾಯಿಲೆ ಕೆರಳಿದಾಗ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು, ಅಂದರೆ 50 ಕಿಲೋ ಇರುವವರಿಗೆ 60ರಿಂದ 75 ಗ್ರಾಂ. 50 ಗ್ರಾಂ ಹೆಸರುಬೇಳೆಯಲ್ಲಿ ಸಿಗುವುದು ಸುಮಾರು 12 ಗ್ರಾಂ. ಬರೀ ಗಂಜಿ, ತಿಳಿಸಾರಿನಲ್ಲಿ ವಾರಗಟ್ಟಲೆ ಇಟ್ಟರೆ ಹೊಟ್ಟೆ ತಣ್ಣಗಾದಂತೆ ಕಂಡರೂ ಮೈ ಸವೆಯುತ್ತದೆ. ಇಂಥವರಿಗೆ ಫಾರ್ಮುಲಾದ ಪಾಲನ್ನು ಡಯೆಟಿಷಿಯನ್ ಲೆಕ್ಕ ಹಾಕಿಯೇ ಕೊಡಬೇಕು.

ಕಾಯಿಲೆ ಹತೋಟಿಗೆ ಬಂದು ಮಜ್ಜಿಗೆ ಒಗ್ಗುವವರಿಗೆ ಒಂದೆಲಗದ ತಂಬುಳಿ ಕೊಟ್ಟವರು ಹೊಸನಗರದ ಅಜ್ಜಿಯಂದಿರು. ಹಿಡಿ ಸೊಪ್ಪು, ಅರ್ಧ ಚಮಚ ಜೀರಿಗೆ, ಎರಡು ಕಾಳು ಮೆಣಸು, ಎರಡು ಚಮಚ ಕಾಯಿತುರಿ, ಒಂದು ಲೋಟ ಸಿಹಿ ಮಜ್ಜಿಗೆ. ಸೊಪ್ಪು ಬೆಳೆಯುವುದು ಗದ್ದೆಯಂಚಿನ ಜೌಗಿನಲ್ಲಿ, ಅದಕ್ಕೆ ರೋಗಾಣು ಅಂಟಿರಬಹುದು. ಅಜಥಯೋಪ್ರಿನ್‌ನಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯಲ್ಲಿರುವವರು ಹಸಿಯಾಗಿ ರುಬ್ಬಬಾರದು. ತೊಳೆದು, ಕುದಿನೀರಿನಲ್ಲಿ ಬೇಯಿಸಿ, ತುಪ್ಪದಲ್ಲಿ ಬಾಡಿಸಿ ನುಣ್ಣಗೆ ರುಬ್ಬಬೇಕು. ನಾರು ತಡೆಯದವರು ಬಟ್ಟೆಯಲ್ಲಿ ಸೋಸಿ, ಪೂರ್ತಿ ತಣಿದ ಮೇಲೆ ಮಜ್ಜಿಗೆ ಬೆರೆಸಲಿ. ಬಿಸಿಯಿರುವಾಗ ಬೆರೆಸಿದರೆ ಒಡೆಯುತ್ತದೆ. ಒಗ್ಗರಣೆಯ ಒಣಮೆಣಸಿನಕಾಯಿ ಬಿಟ್ಟರೂ ತಂಬುಳಿ ತಂಬುಳಿಯೇ.

ಕಳಲೆಯ (ಎಳೆ ಬಿದಿರು) ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಮಣಿಯಲಿಲ್ಲ. ಮೂರು ದಿನ ನೀರು ಬದಲಿಸಿ ನೆನೆಸಿದರೆ ಅದರ ಕಹಿ, ವಿಷ ಇಳಿಯುತ್ತದೆ, ನಾರು ಇಳಿಯುವುದಿಲ್ಲ. ಕರುಳು ಕಿರಿದಾಗಿರುವವರಲ್ಲಿ ಆ ನಾರು ಸಿಕ್ಕಿಕೊಂಡು ದಾರಿಯನ್ನೇ ಮುಚ್ಚಬಹುದು. ಬಾಳೆದಿಂಡು, ಹಲಸಿನ ತೊಳೆಯ ಸುತ್ತಲಿನ ನಾರಿಗೂ ಇದೇ ಮಾತು. ಹಲಸಿನ ಕಾಲದಲ್ಲಿ ಆಸೆ ತಡೆಯದವರಿಗೆಂದು ಸಾಗರದ ಒಬ್ಬ ಅಕ್ಕ ದಾರಿ ತೋರಿಸಿದರು: ಬಿಳುವ (ಮೆತ್ತನೆ ತೊಳೆಯ ಹಲಸು) ಹಣ್ಣಿನ ತೊಳೆಯನ್ನು ಜರಡಿಯಲ್ಲಿ ತಿಕ್ಕಿ ರಸವಷ್ಟನ್ನೇ ಅಕ್ಕಿತರಿಗೆ ಕಲಸಿ ಬಾಳೆಲೆಯಲ್ಲಿ ಬೇಯಿಸುವುದು. ಕಾಯಿಲೆ ಶಾಂತವಾಗಿದ್ದಾಗ, ಒಂದೇ ಕಡುಬು. ಕಿರಿದಾಗದ ಕರುಳಿಗೆ ನಾರನ್ನು ಕಾಯಂ ಬಿಡಿಸುವುದೂ ತಪ್ಪು, ಶಾಂತವಾದ ಮೇಲೆ ಸಿಪ್ಪೆ, ಬೀಜ ತೆಗೆದ ಮಗೆಕಾಯಿ, ಬೂದುಗುಂಬಳದಿಂದ ಶುರುಮಾಡಿ ನಿಧಾನಕ್ಕೆ ಏರಿಸಬೇಕು.

ಮದುವೆ ಮನೆಯ ಅಡುಗೆ ಭಟ್ಟರಿಗೂ ನಮಸ್ಕಾರ. ಸಾರಿಗೆ ಖಾರ ಬೀಳುವ ಮುನ್ನ ಬೇಳೆಕಟ್ಟನ್ನು ಒಂದು ಪಾತ್ರೆಗೆ ತೆಗೆದಿಟ್ಟರೆ ಪಥ್ಯದವರೂ ಪಂಕ್ತಿಯಲ್ಲಿ ಕೂರಬಹುದು ಎಂದವರು ಅವರೇ. ಅವರಿಗೆ ಒಂದು ಸೌಟಿನ ಕೆಲಸ. ಬಂಧುಗಳ ನಡುವೆ ಬರೀ ನೀರು ಕುಡಿದು ಎದ್ದು ಬರುವವರ ಸಂಕಟ ತಪ್ಪಿತು.

ಕೊನೆಯದಾಗಿ, ತಂಗಳನ್ನದ ಪುಟಕ್ಕೆ ಕೆಂಪು ಶಾಯಿ ಹಾಕಿದ ಡಯೆಟಿಷಿಯನ್ ಮೇಡಂಗೆ. ಆರಿದ ಅನ್ನದ ಪಿಷ್ಟ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಆಹಾರ, ನಿಜ. ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ಹಾಗಾಗಿ ಕೈಪಿಡಿಯಲ್ಲಿ ಈಗ ಇರುವುದು ಹೀಗೆ: ಅಗಲ ತಟ್ಟೆಯಲ್ಲಿ ಹರಡಿ, ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ, ಮರುದಿನವೇ ಉಣ್ಣಬೇಕು. ಕರೆಂಟು ಹೋಗಿ ಫ್ರಿಜ್ಜು ಬಿಸಿಯಾಗಿದ್ದರೆ ಅದು ದನಕ್ಕೆ.