ಎಲೆನ್ ರಿಚರ್ಡ್ಸ್ ಬಗ್ಗೆ ನಮ್ಮ ಮಕ್ಕಳೂ ಓದ್ಲಿ

ಸಂಪಾದಕರಿಗೆ ನಮಸ್ಕಾರ,

ಕುಡಿಯೋ ನೀರನ್ನ ಲ್ಯಾಬಲ್ಲಿ ಟೆಸ್ಟ್ ಮಾಡಿಸ್ಬೇಕು ಅನ್ನೋದು ಇವತ್ತು ಎಲ್ರಿಗೂ ಗೊತ್ತು, ಆದ್ರೆ ಆ ದಾರಿ ಹಾಕಿದವರಲ್ಲಿ ಒಬ್ಬರಾದ ಅಮೆರಿಕದ ಕೆಮಿಸ್ಟ್ ಎಲೆನ್ ಸ್ವಾಲೋ ರಿಚರ್ಡ್ಸ್ ಹೆಸರು ನಮ್ಮಲ್ಲಿ ಕೇಳಿಬರೋದೇ ಅಪರೂಪ. 1873ರಲ್ಲಿ ಎಂಐಟಿಯಿಂದ (ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಡಿಗ್ರಿ ತಗೊಂಡ ಮೊದಲ ಮಹಿಳೆ ಇವ್ರು. 1887ರಿಂದ ಮ್ಯಾಸಚೂಸೆಟ್ಸ್ ರಾಜ್ಯದ ನದಿ, ಕೆರೆ, ಬಾವಿಗಳ ಸಾವಿರಾರು ಬಾಟ್ಲಿ ನೀರು ಇವ್ರ ಲ್ಯಾಬಿಗೆ ಬಂತು, ಎಲ್ಲಿ ಎಷ್ಟು ಕ್ಲೋರೈಡ್ (ಉಪ್ಪಲ್ಲಿರೋ ಒಂದು ಅಂಶ) ಸಹಜ ಅಂತ ಮ್ಯಾಪೇ ತಯಾರಾಯ್ತು. ಸಮುದ್ರದ ಹತ್ರ ಜಾಸ್ತಿ, ಒಳಗೆ ಹೋದಂಗೆಲ್ಲ ಕಮ್ಮಿ. ಒಳನಾಡಿನ ಬಾವೀಲಿ ಲೆಕ್ಕಕ್ಕಿಂತ ಜಾಸ್ತಿ ಕಂಡ್ರೆ ಚರಂಡಿ ನೀರು ಸೇರಿರ್ಬಹುದು ಅಂತ ಅನುಮಾನ ಪಡ್ಬೇಕು, ಎಷ್ಟು ಸರಳ ಉಪಾಯ ನೋಡಿ! ಅದಕ್ಕೂ ಮುಂಚೆ, 1876ರಲ್ಲಿ ಶುರುವಾದ ಮಹಿಳಾ ಲ್ಯಾಬಲ್ಲಿ ಸಂಬಳ ಇಲ್ದೆ ಹೆಣ್ಮಕ್ಕಳಿಗೆ ಕೆಮಿಸ್ಟ್ರಿ ಕಲಿಸಿದ್ರು, ಅವ್ರಲ್ಲಿ ಸ್ಕೂಲ್ ಟೀಚರ್‌ಗಳೂ ಇದ್ರು, ಇದು ನನಗೆ ತುಂಬಾ ದೊಡ್ಡದು ಅನ್ಸುತ್ತೆ. 1894ರಲ್ಲಿ ಬೋಸ್ಟನ್ ಹೈಸ್ಕೂಲ್‌ಗಳಿಗೆ ಪೌಷ್ಟಿಕ ಊಟ ಕಳಿಸೋ ಕೆಲಸದಲ್ಲೂ ಇವ್ರ ಕೈ ಇತ್ತು.

ಹೋಮ್ ಸೈನ್ಸ್ ಅಂದ್ರೆ ಬರೀ ಅಡುಗೆ ಕ್ಲಾಸು ಅಂತ ಹಗುರವಾಗಿ ಮಾತಾಡೋರು ಇನ್ನೂ ಇದಾರೆ. ಆ ವಿಷಯಕ್ಕೆ ಬುನಾದಿ ಹಾಕಿದ ಈ ಕೆಮಿಸ್ಟ್ ಬಗ್ಗೆ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಒಂದು ಲೇಖನ ಹಾಕಿ, ದಯವಿಟ್ಟು.

– ಓದುಗರೊಬ್ಬರು, ಶಿವಮೊಗ್ಗ