ಹೋಟೆಲ್, ಆಸ್ಪತ್ರೆ, ವೃದ್ಧಾಶ್ರಮಗಳ ಕರ್ಟನ್‌ಗೆ ಇನ್ನು ಸಾದಾ ಲೈನಿಂಗ್ ಇಲ್ಲ

ಮಾನ್ಯ ಗ್ರಾಹಕರೇ,

ನಮಸ್ಕಾರ. ಬರುವ ತಿಂಗಳ 1ನೇ ತಾರೀಖಿನಿಂದ ಲಾಡ್ಜ್, ಹೋಟೆಲ್, ನರ್ಸಿಂಗ್ ಹೋಂ, ವೃದ್ಧಾಶ್ರಮ, ಹಾಸ್ಟೆಲ್, ಕಲ್ಯಾಣ ಮಂಟಪಗಳ ಆರ್ಡರ್‌ಗಳಿಗೆ ನಮ್ಮ ಸಹಕಾರಿ ಹೊಲಿಗೆ ಘಟಕ ಕೋರಾ ಕಾಟನ್, ಪಾಲಿಕಾಟನ್ ಮತ್ತು ಸಾದಾ ಸ್ಯಾಟಿನ್ ಲೈನಿಂಗ್ ಹಾಕುವುದನ್ನು ನಿಲ್ಲಿಸುತ್ತಿದೆ. ಬೆಂಕಿ ಹಬ್ಬದಂತೆ ತಡೆಯುವ, ಅಂಗಡಿಗಳಲ್ಲಿ ಎಫ್‌ಆರ್ ಎಂದು ಕರೆಯುವ ಲೈನಿಂಗನ್ನಷ್ಟೇ ಹಾಕುತ್ತೇವೆ. ಇದರ ಜೊತೆಗೆ ಇನ್ನೊಂದು ಬದಲಾವಣೆಯೂ ಇದೆ. ಮುಂಭಾಗಕ್ಕೆ ಸಾದಾ ಕಾಟನ್ ಇರಲಿ, ಲೈನಿಂಗ್ ಮಾತ್ರ ಎಫ್‌ಆರ್ ಹಾಕಿಕೊಡಿ ಎನ್ನುವ ಆರ್ಡರನ್ನೂ ಈ ಜಾಗಗಳಿಗೆ ತೆಗೆದುಕೊಳ್ಳುವುದಿಲ್ಲ. ಮನೆಗಳ ಕರ್ಟನ್‌ಗೆ ಎಂದಿನಂತೆ ನಿಮ್ಮಿಷ್ಟ.

ಈ ಎರಡನೆಯ ಮಾತಿಗೇ ಕೆಲವರು ಬೇಸರ ಮಾಡಿಕೊಂಡಿದ್ದಾರೆ. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇವೆ.

ಕಾಟನ್ ಉರಿಯುತ್ತದೆ, ಉರಿದು ಕರಿಯಾಗಿ ಅಲ್ಲೇ ನಿಲ್ಲುತ್ತದೆ. ಪಾಲಿಯೆಸ್ಟರ್ ಹಾಗಲ್ಲ. ಸುಮಾರು 250-260 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ, ಜ್ವಾಲೆಯಿಂದ ಹಿಂದಕ್ಕೆ ಮುದುರಿ, ತೊಟ್ಟಿಕ್ಕಿ ಬೀಳುತ್ತದೆ. ನಾವು ಲೈನಿಂಗ್‌ಗೆ ಹಾಕುವ ಎಫ್‌ಆರ್ ಪಾಲಿಯೆಸ್ಟರ್ ಬೆಂಕಿಯ ಪರೀಕ್ಷೆಯಲ್ಲಿ ಪಾಸಾಗುವುದಕ್ಕೆ ಬೆಂಕಿಯಿಂದ ಹೀಗೆ ದೂರ ಸರಿಯುವ ಗುಣವೂ ಒಂದು ಮುಖ್ಯ ಕಾರಣ. ಅದರ ಮುಂದೆ ಕಾಟನ್ ಹೊಲಿದುಬಿಟ್ಟರೆ ಸರಿಯುವುದೆಲ್ಲಿಗೆ? ಕರಿಕಟ್ಟಿದ ಕಾಟನ್ ಬತ್ತಿಯಾಗಿ ನಿಲ್ಲುತ್ತದೆ, ಕರಗಿದ ಪಾಲಿಯೆಸ್ಟರ್ ಅದಕ್ಕೆ ಎಣ್ಣೆಯಾಗುತ್ತದೆ. ಪಾಲಿಕಾಟನ್ ಬಟ್ಟೆ ಅಷ್ಟು ಜೋರಾಗಿ ಉರಿಯುವುದೂ ಇದೇ ಕಾರಣಕ್ಕೆ. ಹೀಗಾಗಿ ಲೈನಿಂಗ್‌ಗೆ ಮಾತ್ರ ಸರ್ಟಿಫಿಕೇಟ್ ಇದ್ದರೆ ಕರ್ಟನ್ ಬಗ್ಗೆ ಅದು ಏನೂ ಹೇಳಿದಂತಾಗುವುದಿಲ್ಲ. ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 701 ಪರೀಕ್ಷೆಯಲ್ಲೂ ಲೈನಿಂಗ್ ಇರುವ ಕರ್ಟನ್ನನ್ನು ಪದರಗಳು ಸೇರಿದಂತೆಯೇ ಸುಟ್ಟು ನೋಡುತ್ತಾರೆ. ಬೆಳಕು ಪೂರ್ತಿ ತಡೆಯುವ, ವಿನೈಲ್ ಲೇಪನದ ಬ್ಲ್ಯಾಕ್‌ಔಟ್ ಲೈನಿಂಗ್ ಇದ್ದರೆ ಅದಕ್ಕೆ ಬೇರೆಯೇ ವಿಧಾನ. ನಮ್ಮಲ್ಲಿ ಕರ್ಟನ್‌ಗಳಿಗೆಂದೇ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಐಎಸ್ 15741 ಎಂಬ ಮಾನದಂಡ ಇದೆ, 2007ರದು. ಸಪ್ಲೈಯರ್ ಯಾವ ಕಾಗದ ತೋರಿಸಿದರೂ ಅದು ಯಾವ ಬಟ್ಟೆಗೆ, ಎಷ್ಟು ಒಗೆತದ ನಂತರ ಎಂದು ಕೇಳಿ. ಉತ್ತರ ಬರದಿದ್ದರೆ ಕಾಗದವನ್ನು ಅಲ್ಲೇ ಬಿಟ್ಟು ಬನ್ನಿ.

ಒಗೆತದ ವಿಷಯ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಎಫ್‌ಆರ್ ಬಟ್ಟೆಯಲ್ಲಿ ಮೂರು ಬಗೆ. ಒಂದರಲ್ಲಿ ನೂಲು ತಯಾರಾಗುವಾಗಲೇ ರಂಜಕದ ಸಂಯುಕ್ತ ಪಾಲಿಯೆಸ್ಟರ್‌ನೊಳಗೆ ಸೇರಿರುತ್ತದೆ. ಇದು ಎಷ್ಟು ಒಗೆದರೂ ಹೋಗುವುದಿಲ್ಲ. ಎರಡನೆಯದು ಕಾಟನ್‌ಗೆ ಕಾರ್ಖಾನೆಯಲ್ಲಿ ರಾಸಾಯನಿಕ ಹಿಡಿಸಿದ್ದು. ಸರಿಯಾಗಿ ನೋಡಿಕೊಂಡರೆ ಬಹಳ ಒಗೆತ ತಡೆಯುತ್ತದೆ. ಮೂರನೆಯದು ಅಮೋನಿಯಂ ಫಾಸ್ಫೇಟ್, ಬೋರಾಕ್ಸ್‌ನಂಥ ಲವಣದ ನೀರಿನಲ್ಲಿ ಅದ್ದಿ ಒಣಗಿಸಿದ್ದು ಅಥವಾ ಸ್ಪ್ರೇ ಮಾಡಿದ್ದು. ನೀರಿಗೆ ಬಿದ್ದರೆ ಅದರ ಗುಣ ನೀರಿನ ಜೊತೆಗೇ ಹೋಯಿತು. ನಾಟಕದ ರಂಗಪರದೆಗೆ ಅದು ಸಾಕಾಗಬಹುದು, ವಾರ್ಡಿನ ಕಿಟಕಿಗೆ ಖಂಡಿತ ಸಾಲದು. ಕಡಿಮೆ ದರಕ್ಕೆ ಎಫ್‌ಆರ್ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಅದು ಈ ಮೂರನೆಯದೇ ಇರಬಹುದೆಂದು ಮೊದಲು ಅನುಮಾನಿಸಿ.

ಎರಡನೆಯ ಬಗೆಯನ್ನೂ ನಾವು ಆರಿಸಲಿಲ್ಲ. ಕಾರಣ ನಮ್ಮ ಬೋರ್‌ವೆಲ್ ನೀರು. ಗಡಸು ನೀರು ಸೋಪಿನೊಂದಿಗೆ ಸೇರಿ ಬಟ್ಟೆಯ ಮೇಲೆ ಸುಣ್ಣ-ಸೋಪಿನ ಜಿಡ್ಡಿನ ಪದರ ಕೂರಿಸುತ್ತದೆ, ಆ ಪದರವೇ ಬೆಂಕಿ ಹಿಡಿಯಲು ನೆರವಾಗುತ್ತದೆ. ಬ್ಲೀಚಿಂಗ್ ಪುಡಿ ಹಾಕಿದರಂತೂ ಹಿಡಿಸಿದ ರಾಸಾಯನಿಕವೇ ಕೆಡುತ್ತದೆ. ಲಾಂಡ್ರಿಗೆ ಕಳಿಸುವಾಗ ಇಷ್ಟು ಎಚ್ಚರಿಕೆ ಪ್ರತಿ ಸಲ ಯಾರು ಹೇಳಿಯಾರು? ಅದಕ್ಕೇ ನೂಲಿನಲ್ಲೇ ಗುಣವಿರುವ ಪಾಲಿಯೆಸ್ಟರ್ ಲೈನಿಂಗ್, ಅದಕ್ಕೆ ಹೊಂದುವ ಎಫ್‌ಆರ್ ಪಾಲಿಯೆಸ್ಟರ್ ಮುಂಬಟ್ಟೆ. ಕಾಟನ್ ದಾರ ಬತ್ತಿಯಂತೆ ಉರಿ ಎಳೆಯುವುದರಿಂದ ದಾರವನ್ನೂ ಬದಲಾಯಿಸಿದ್ದೇವೆ. ಈ ಹೊಸ ಕರ್ಟನ್‌ಗೂ ಗಂಜಿ ಹಾಕಬೇಡಿ, ಫ್ಯಾಬ್ರಿಕ್ ಸಾಫ್ಟನರ್ ಬೇಡವೇ ಬೇಡ. ಸಾಫ್ಟನರ್‌ನ ಸಿಲಿಕೋನ್ ಪದರ ಕೂತರೆ ಒಳ್ಳೆಯ ಎಫ್‌ಆರ್ ಪಾಲಿಯೆಸ್ಟರ್ ಕೂಡ ಹತ್ತಿಕೊಳ್ಳಬಲ್ಲದು.

ವೃದ್ಧಾಶ್ರಮ ನಡೆಸುವವರಿಗೆ ಎರಡು ಮಾತು. ನಿಮ್ಮಲ್ಲಿ ಬೆಂಕಿಯ ಮೂಲಗಳು ಹೋಟೆಲಿಗಿಂತ ಬೇರೆ: ಕಿಟಕಿಯ ಪಕ್ಕದ ದೇವರ ದೀಪ, ಊದುಬತ್ತಿ, ಮಂಚದ ಕೆಳಗಿನ ಸೊಳ್ಳೆ ಬತ್ತಿ, ಕರೆಂಟ್ ಹೋದಾಗ ಹಚ್ಚುವ ಮೇಣದಬತ್ತಿ. ಅಜ್ಜಿಯರಿಗೆ ದೀಪ ಹಚ್ಚಬೇಡಿ ಎನ್ನುವುದು ಆಗದ ಮಾತು, ನಾವೂ ಹೇಳುವುದಿಲ್ಲ. ಆದರೆ ಅವರು ಎದ್ದು ಓಡಲಾರರು. ಒಂದು ಕರ್ಟನ್ ಚಾವಣಿಯವರೆಗೆ ಉರಿದುಹೋಗುವುದಕ್ಕೂ, ಅಂಚಿನಲ್ಲಿ ಮುದುರಿ ನಂದುವುದಕ್ಕೂ ನಡುವಿನ ವ್ಯತ್ಯಾಸ ಅವರ ಪಾಲಿಗೆ ತುಂಬಾ ದೊಡ್ಡದು. ಇನ್ನೊಂದು, ಆಕ್ಸಿಜನ್ ಕೊಡುವ ಮಂಚದ ಹತ್ತಿರ ಎಫ್‌ಆರ್ ಬಟ್ಟೆಯನ್ನೂ ನಂಬಬೇಡಿ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇ. 21. ಎಫ್‌ಆರ್ ಬಟ್ಟೆಯ ಲೆಕ್ಕವೆಲ್ಲ ಆ ಗಾಳಿಗೆ. ಆಮ್ಲಜನಕ ಹೆಚ್ಚಾದ ಕಡೆ ಅದೂ ಉರಿಯುತ್ತದೆ.

ಕರ್ಟನ್ ಬದಲಾಯಿಸಿದರೆ ಕಟ್ಟಡವೇ ಸುರಕ್ಷಿತವಾಯಿತು ಎಂದು ನಾವು ಹೇಳುತ್ತಿಲ್ಲ. 2011ರ ಡಿಸೆಂಬರ್ 9ರಂದು ಕೋಲ್ಕತ್ತಾದ ಆಮ್ರಿ ಆಸ್ಪತ್ರೆಯಲ್ಲಿ ಬೆಂಕಿ ಬಿದ್ದದ್ದು ನೆಲಮಾಳಿಗೆಗೆ. ಮೇಲಿನ ವಾರ್ಡುಗಳಲ್ಲಿ ಸುಮಾರು 90 ಜನರ ಜೀವ ತೆಗೆದದ್ದು ಹೆಚ್ಚಾಗಿ ಹೊಗೆ. ಅಲ್ಲಿ ಯಾವ ಕರ್ಟನ್ನೂ ಅವರನ್ನು ಉಳಿಸುತ್ತಿರಲಿಲ್ಲ. ಹೊರಹೋಗುವ ದಾರಿ, ಅಲಾರಂ, ಸ್ಪ್ರಿಂಕ್ಲರ್ ನಿಮ್ಮ ಕೆಲಸ. ಲೈನಿಂಗ್ ನಮ್ಮದು. ಸ್ಪ್ರಿಂಕ್ಲರ್ ಇರುವ ವಾರ್ಡಿಗೆ ಮಂಚದ ಸುತ್ತಲಿನ ಪರದೆ ಮಾಡಿಸುವವರಿಗೆ ಮೇಲ್ಭಾಗದ ಸುಮಾರು 45 ಸೆಂ.ಮೀ. ಜಾಲರಿ ಬಟ್ಟೆ ಹಾಕಿಕೊಡುತ್ತೇವೆ, ನೀರು ಪರದೆಗೆ ತಡೆದು ನಿಲ್ಲಬಾರದು.

ದರದ ಮಾತು. ಬಟ್ಟೆ ದುಬಾರಿ, ಅದನ್ನು ಮುಚ್ಚಿಡುವುದಿಲ್ಲ. ಕೊಟೇಶನ್‌ನಲ್ಲಿ ಲೈನಿಂಗ್ ಬೆಲೆ ಪ್ರತ್ಯೇಕ ಸಾಲಿನಲ್ಲಿ ಇರುತ್ತದೆ. ಹೊಲಿಗೆ ಕೂಲಿ ಹೆಚ್ಚಿಸುತ್ತಿಲ್ಲ. ಈಗಾಗಲೇ ಅಡ್ವಾನ್ಸ್ ಕೊಟ್ಟವರ ಆರ್ಡರ್ ಹಳೆಯ ದರದಲ್ಲೇ ನಡೆಯುತ್ತದೆ, ಹೊಸ ಲೈನಿಂಗ್ ಬೇಕೆಂದರೆ ಬಟ್ಟೆಯ ವ್ಯತ್ಯಾಸ ಮಾತ್ರ ಕೊಟ್ಟರಾಯಿತು. ಮುಂಬಟ್ಟೆ ನೀವೇ ತರುವುದಾದರೆ ಥಾನು ಕೊಳ್ಳುವ ಮೊದಲು ಅಂಗೈಯಗಲದ ತುಂಡೊಂದನ್ನು, ಅದರ ಪರೀಕ್ಷೆಯ ಕಾಗದದ ಪ್ರತಿಯೊಂದಿಗೆ ಕಳಿಸಿ. ಕಟ್ಟಿರುವ ಹಳೆಯ ಕರ್ಟನ್‌ಗಳ ಬಗ್ಗೆ ಅನುಮಾನ ಇದ್ದವರು ಕೆಳಮಡಿಕೆಯೊಳಗಿಂದ ಸಣ್ಣ ತುಂಡು ಕತ್ತರಿಸಿ ತನ್ನಿ. ನಮ್ಮ ಅಂಗಳದಲ್ಲಿ, ನೀರಿನ ಬಕೆಟ್ಟಿನ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟು ತೋರಿಸುತ್ತೇವೆ. ಅದು ಸರ್ಟಿಫಿಕೇಟ್‌ಗೆ ಸಮವಲ್ಲ, ಅಗ್ನಿಶಾಮಕ ಇಲಾಖೆಯವರಿಗೆ ತೋರಿಸಲು ಬರುವುದಿಲ್ಲ. ಬದಲಾಯಿಸಬೇಕೋ ಬೇಡವೋ ಎಂದು ನೀವು ತೀರ್ಮಾನಿಸಲು ಸಾಕು. ಭಾನುವಾರ ಬಿಟ್ಟು ಯಾವ ದಿನವಾದರೂ ಬನ್ನಿ, ಬೆಳಗಿನ ಹೊತ್ತಾದರೆ ಒಳ್ಳೆಯದು.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಹೊಲಿಗೆ ಘಟಕದ ಎಲ್ಲ ಸದಸ್ಯೆಯರ ಪರವಾಗಿ